ನಾಲ್ಕನೇ ಜ್ವರ

ಯಕೃತ್ತು ಬೋರ್ಡಿನ ಮೇಲೆ ಎಂದಿಗಿಂತ ದೊಡ್ಡದಾಗಿ ಬಂತು. ಸರ್ವೀಸಿಗೆ ಸೇರಿದಾಗಿನಿಂದ ವರ್ಷ ವರ್ಷ ಅದೇ ಚಿತ್ರ ಬರೆಯುತ್ತಾ ಬಂದ ರಮೇಶ್‌ಬಾಬುವಿನ ಕೈಗೆ ಅದರ ಅಳತೆ ಬಾಯಿಪಾಠದ ಹಾಗೆ ಕೂತಿತ್ತು. ಬಲಗಡೆ ದಪ್ಪ, ಎಡಕ್ಕೆ ಬರುತ್ತಾ ಸಣ್ಣ, ಕೆಳಗೊಂದು ಪಿತ್ತಕೋಶ, ಅಷ್ಟೇ. ಇವತ್ತು ಸೀಮೆಸುಣ್ಣ ತನ್ನಿಷ್ಟಕ್ಕೆ ತಾನು ಹೋಗಿ ಜಠರದ ಜಾಗವನ್ನೂ ಆಕ್ರಮಿಸಿಬಿಟ್ಟಿತು. ಕೊನೆಗೆ ಜಠರವನ್ನು ಮೂಲೆಯಲ್ಲಿ ಗೋಡಂಬಿಯಷ್ಟು ಮಾಡಿ ಮುಗಿಸಿದ. ಹತ್ತನೇ ತರಗತಿಯ ಮಕ್ಕಳು ತಲೆ ಬಗ್ಗಿಸಿ ಅದನ್ನು ಇದ್ದ ಹಾಗೇ ಇಳಿಸಿಕೊಂಡರು. ಮೇಷ್ಟ್ರು ಬರೆದದ್ದು ಸರಿಯೇ ಇರುತ್ತದೆ ಎಂಬ ನಂಬಿಕೆಯಿಂದ ಈ ಸೀಮೆಯಲ್ಲಿ ಎಷ್ಟು ಅನಾಹುತವಾಗಿದೆಯೋ ಯಾರೂ ಲೆಕ್ಕ ಇಟ್ಟಿಲ್ಲ. 'ಯಕೃತ್ತು ನಮ್ಮ ದೇಹದ ಅತಿ ದೊಡ್ಡ ಗ್ರಂಥಿ. ಇದರ ಒಂದು ಭಾಗವನ್ನು ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ' ಎಂದು ಪ್ರತಿ ವರ್ಷದ ಹಾಗೆ ಹೇಳಲು ಹೊರಟವನು 'ಬೆಳೆಯುತ್ತದೆ' ಎಂಬಲ್ಲಿ ನಿಂತ. ಭಾವನ ಹೊಟ್ಟೆಯೊಳಗೆ ಬೆಳೆಯುತ್ತಿರುವುದು ಬೇರೆ. ಅದನ್ನು ಈ ಪುಸ್ತಕ ಹೇಳುವುದಿಲ್ಲ, ಪರೀಕ್ಷೆಗೂ ಕೇಳುವುದಿಲ್ಲ.

ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುತ್ತಿದ್ದಾಗಲೇ ಅಕ್ಕನ ಮಗಳು ಶಿರೀಷಾ ಫೋನು ಮಾಡಿದ್ದಳು. ಚಿಂತಾಮಣಿಯಲ್ಲಿ ಡಿಗ್ರಿ ಓದುವ ಹುಡುಗಿ, ಅಪ್ಪನ ಕಾಯಿಲೆ ಗೊತ್ತಾದ ಮೇಲೆ ಕಾಲೇಜಿಗೆ ಹೋಗದೆ ಸಾದಲಿಯ ಮನೆಯಲ್ಲೇ ಇದ್ದಳು. ದನಿ ತಗ್ಗಿಸಿ, ಯಾರೋ ಬಾಗಿಲ ಹಿಂದೆ ನಿಂತಿದ್ದಾರೇನೋ ಎಂಬಂತೆ ಹೇಳಿದಳು. "ಮಾವ, ಅಪ್ಪ ತಿಂದಿದ್ದೆಲ್ಲ ವಾಂತಿ ಮಾಡ್ತಾರೆ. ಅಮ್ಮ ಬಾಯಿ ತೊಳ್ಸಿ ಮತ್ತೆ ತಿನ್ನಿಸ್ತಾರೆ. ನಿದ್ದೆ ಬರುತ್ತೆ ಅಂತ ನೋವಿನ ಮಾತ್ರೆನೂ ಕೊಡ್ತಿಲ್ಲ. ನೀವೇ ಅಲ್ವಾ ಹೇಳಿದ್ದು, ನೀವೇ ಬಂದು ಬಿಡ್ಸಿ." ಅವನು 'ಆಯ್ತಮ್ಮ, ಬರ್ತೀನಿ' ಎಂದು ಫೋನಿಟ್ಟು, ಮಕ್ಕಳ ಜೊತೆ ನಾಡಗೀತೆಗೆ ದನಿ ಸೇರಿಸಲು ಹೋದ. ಮುಂದಿನ ಸಾಲು ಎಷ್ಟು ನೆನೆದರೂ ಬರಲಿಲ್ಲ, ಬಾಯಿ ಮಾತ್ರ ಆಡಿಸಿದ. ಬಾಯಿ ಆಡಿಸುವುದರಲ್ಲಿ ಅವನಿಗೆ ಬಹಳ ಅಭ್ಯಾಸವಿತ್ತು.

ಶನಿವಾರ, ಬೆಳಗಿನ ಶಾಲೆ. ಬಿಟ್ಟ ಮೇಲೆ ಶಿಡ್ಲಘಟ್ಟದ ಬೀದಿಗಳಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ನೂಲು ತೆಗೆಯುವ ಮನೆಗಳಿಂದ ಬೆಂದ ಗೂಡಿನ ವಾಸನೆ ದಿನವೂ ಬರುವಂತೆಯೇ ಬರುತ್ತಿತ್ತು. ಈ ಊರಿನಲ್ಲಿ ಇದ್ದವರಿಗೆ ಆ ವಾಸನೆ ಮೂಗಿಗೆ ತಾಕುವುದೇ ಇಲ್ಲ. ಹೊರಗಿನವರು ಮೂಗು ಮುಚ್ಚಿಕೊಂಡಾಗಲೇ ಅದು ಇದೆ ಎಂದು ನೆನಪಾಗುವುದು. ಇವತ್ತು ಅವನಿಗೆ ತಾಕಿತು. ಕುದಿಯುವ ನೀರಿನಲ್ಲಿ ಗೂಡು, ಗೂಡಿನೊಳಗೆ ಹುಳ. ಅಕ್ಕನಿಗೆ ಹುಳದ ಹೋಲಿಕೆ ಕೊಟ್ಟ ತಾನು ಅದರ ಕೊನೆಯನ್ನೂ ಯೋಚನೆ ಮಾಡಿ ಕೊಡಬೇಕಿತ್ತು ಎಂದುಕೊಂಡ. ಮೂಗು ಮುಚ್ಚಿಕೊಳ್ಳೋಣವೆಂದರೆ ಎದುರಿಗೆ ಪರಿಚಯದವರು ಬರುತ್ತಿದ್ದರು. ಕೈ ಮೇಲೆತ್ತಿದ್ದನ್ನು ನಮಸ್ಕಾರವಾಗಿ ಬದಲಾಯಿಸಿದ.

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಅವರ ವಂಶಕ್ಕೆಲ್ಲ ಇಂಗ್ಲಿಷ್ ಬಲ್ಲವನು ರಮೇಶ್‌ಬಾಬು ಒಬ್ಬನೇ ಎಂದು ಬಹಳ ಹಿಂದೆಯೇ ತೀರ್ಮಾನವಾಗಿ ಹೋಗಿತ್ತು. ಮೋಟಾರಿನ ಗ್ಯಾರಂಟಿ ಕಾರ್ಡು, ಔಷಧಿ ಬಾಟಲಿಯ ಮೇಲಿನ ಚೀಟಿ, ಬ್ಯಾಂಕಿನಿಂದ ಬರುವ ಮೆಸೇಜು, ಏನೇ ಬರಲಿ 'ಬಾಬುಗೆ ತೋರ್ಸಿ' ಎನ್ನುತ್ತಿದ್ದರು. ಅವನೂ ಕನ್ನಡಕ ಏರಿಸಿ, ತುಸು ಹೊತ್ತು ತುಟಿ ಮುಂದೆ ಮಾಡಿ ನೋಡಿ, ಏನಾದರೊಂದು ಹೇಳುತ್ತಿದ್ದ. ಬಹಳ ಸಲ ಸರಿಯಾಗೇ ಇರುತ್ತಿತ್ತು. ತಪ್ಪಾದಾಗ ಮೋಟಾರೋ ಬಾಟಲಿಯೋ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಭಾವ ನರಸಿಂಹಪ್ಪ ಒಬ್ಬ ಮಾತ್ರ ಇದನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದ. 'ಏಮಿ ಅಯ್ಯವಾರು, ಏನಂತೆ ಇಂಗ್ಲಿಷಪ್ಪ?' ಎಂದು ಅರ್ಧ ತೆಲುಗಿನಲ್ಲಿ ಕೇಳುತ್ತಿದ್ದ. ಅಯ್ಯವಾರು ಎಂದರೆ ತೆಲುಗಿನಲ್ಲಿ ಮೇಷ್ಟ್ರು. ಅವನ ಬಾಯಲ್ಲಿ ಅದು ಕಿಚಾಯಿಸುವ ಮಾತು. ಆ ಭಾವನಿಗೇ ಲಿವರ್ ಕ್ಯಾನ್ಸರ್ ಎಂದು ಗೊತ್ತಾದಾಗ ರಮೇಶ್‌ಬಾಬುವಿಗೆ ದುಃಖವಾಯಿತು, ನಿಜವಾಗಿಯೂ ಆಯಿತು. ಆದರೆ ದುಃಖದ ಅಡಿಯಲ್ಲಿ ಇನ್ನೊಂದು ಸಣ್ಣ ಸಂಗತಿ ತಲೆಯೆತ್ತಿ ನೋಡಿತ್ತು, ಅದನ್ನು ಅವನು ಹೆಂಡತಿ ಕವಿತಳಿಗೂ ಹೇಳಿರಲಿಲ್ಲ. ಇನ್ನು ಭಾವ ತನ್ನ ಮಾತಿಗೆ ನಗುವಂತಿಲ್ಲ.

ಮೊದಮೊದಲು ಎಲ್ಲ ಚೆನ್ನಾಗೇ ನಡೆಯಿತು. ಬೆಂಗಳೂರಿನ ಆಸ್ಪತ್ರೆಯವರು ಟೇಸ್ ಎಂಬ ಚಿಕಿತ್ಸೆ ಮಾಡುವ ಮಾತಾಡಿದ್ದರು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಲಿವರಿನ ಗಡ್ಡೆಗೆ ಹೋಗುವ ಕವಲಿನವರೆಗೂ ಕಳಿಸಿ, ಔಷಧಿ ಬಿಟ್ಟು, ಆ ಕವಲಿಗೆ ರಕ್ತ ಹೋಗದಂತೆ ಮುಚ್ಚುವುದು. ರಮೇಶ್‌ಬಾಬು ಅದನ್ನು ಸಾದಲಿಯ ಜಗಲಿಯಲ್ಲಿ ಕೂತು ತೋಟಕ್ಕೆ ನೀರು ಬಿಡುವ ಡ್ರಿಪ್ಪಿನ ಪೈಪಿನ ಹೋಲಿಕೆಯಲ್ಲಿ ಹೇಳಿದ. ರೋಗ ಬಂದ ಸಾಲಿಗೆ ಮಾತ್ರ ಔಷಧಿ ಬಿಟ್ಟು ವಾಲ್ವ್ ತಿರುಗಿಸಿಬಿಟ್ಟರೆ ಆ ಸಾಲು ಒಣಗುತ್ತೆ, ಮಿಕ್ಕ ತೋಟ ಉಳಿಯುತ್ತೆ ಅಂದ. ಎಷ್ಟು ಚೆನ್ನಾಗಿ ಬಿಡಿಸಿದ ಎಂದು ಕೂತವರೆಲ್ಲ ತಲೆದೂಗಿದರು. ಪಕ್ಕದ ಮನೆಯ ವೆಂಕಟರವಣಪ್ಪ ಎದ್ದು ಬಂದು ಕೈ ಕುಲುಕಿದ. ಚಿಕಿತ್ಸೆಯನ್ನು ಕಂಡುಹಿಡಿದವನಿಗೂ ಅಷ್ಟು ಮರ್ಯಾದೆ ಸಿಕ್ಕಿತ್ತೋ ಇಲ್ಲವೋ. ಆವತ್ತು ರಾತ್ರಿ ಮನೆಗೆ ಬಂದು ಅವನು ಎರಡು ಚಪಾತಿ ಹೆಚ್ಚಿಗೆ ತಿಂದ.

ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತವನಿಗೆ ಆಸ್ಪತ್ರೆಯ ಆ ಕೋಣೆಯೇ ಕಣ್ಣ ಮುಂದೆ. ಹೊಸ ಸ್ಕ್ಯಾನ್ ನೋಡುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಕನ್ನಡದಲ್ಲೇ ನಿಧಾನವಾಗಿ ಶುರು ಮಾಡಿದ್ದರು. ಭಾವನೂ ಅಕ್ಕನೂ ಹೊರಗೆ ಬೆಂಚಿನ ಮೇಲಿದ್ದರು. 'ಪೇಷೆಂಟಿಗೆ ನೀವೇನಾಗಬೇಕು?' ಎಂದು ಕೇಳಿದ್ದಕ್ಕೆ ಬಾಮೈದ ಎಂದಿದ್ದರೆ ಸಾಕಿತ್ತು. ಇವನು ಇಂಗ್ಲಿಷಿನಲ್ಲಿ, ತಾನು ಸೈನ್ಸ್ ಟೀಚರ್, ಬಯಾಲಜಿಯೇ ತನ್ನ ವಿಷಯ ಎಂದ. ಡಾಕ್ಟರ ಮುಖ ಹಗುರಾಯಿತು. ಓ, ಹಾಗಾದರೆ ಸುಲಭವಾಯಿತು ಎಂದು ಅವರೂ ಇಂಗ್ಲಿಷಿಗೆ ಹಾರಿದರು. ಪೋರ್ಟಲ್ ವೇನ್ ಒಳಗೇ ಗಡ್ಡೆ ಹೊಕ್ಕಿದೆ, ಟೇಸ್ ಮಾಡುವಂತಿಲ್ಲ. ಸಿರೋಸಿಸ್ ಬಹಳ ಮುಂದುವರಿದಿದೆ, ಚೈಲ್ಡ್ ಪ್ಯೂ ಸಿ. ಕಸಿ ಮಾಡುವ ಮಾತೂ ಇಲ್ಲ. ನಾಲ್ಕನೇ ಸ್ಟೇಜು ಅಂದುಕೊಳ್ಳಿ. ಇನ್ನು ಪ್ಯಾಲಿಯೇಟಿವ್ ಕೇರ್. ಪ್ರತಿ ಪದಕ್ಕೂ ಇವನು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದ. ಎಷ್ಟು ತಲೆಯಾಡಿಸಿದನೋ ಅಷ್ಟು ಜೋರಾಗಿ ಮಾತು ಓಡಿತು, ಮಾತು ಓಡಿದಷ್ಟೂ ನಡುವೆ ತಡೆದು ಕೇಳುವುದು ಕಷ್ಟವಾಯಿತು. 'ಸಿ' ಎಂದಾಗ ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಅವನ ಶಾಲೆಯಲ್ಲಿ ಸಿ ಗ್ರೇಡ್ ಬಂದವನೂ ಪಾಸು. ಪ್ಯಾಲಿಯೇಟಿವ್ ಅಂದರೆ ಯಾವುದೋ ಹೊಸ ವಿಭಾಗ, ಅಲ್ಲಿಗೆ ಕಳಿಸುತ್ತಾರೆ ಎಂದುಕೊಂಡ. ಕೊನೆಗೆ ಡಾಕ್ಟರು, ನೀವು ಮೇಷ್ಟ್ರು, ನಿಮ್ಮವರಿಗೆ ನಿಮ್ಮ ಮಾತಿನಲ್ಲಿ ನೀವೇ ಅರ್ಥ ಮಾಡಿಸಿದರೆ ಚೆನ್ನ, ಏನಾದರೂ ಕೇಳುವುದಿದೆಯಾ ಎಂದರು. 'ನೋ ಡಾಕ್ಟರ್, ಇಟ್ ಈಸ್ ವೆರಿ ಕ್ಲಿಯರ್' ಎಂದು ಎದ್ದು ಬಂದ.

ಆವತ್ತು ಆಸ್ಪತ್ರೆಯಿಂದ ವಾಪಸು ಬರುತ್ತಾ ಜಂಗಮಕೋಟೆ ದಾಟುವಾಗ ಬಾಡಿಗೆ ವ್ಯಾನಿನೊಳಗೆ ಅಕ್ಕ ಅಮ್ಮಾಜಮ್ಮ ಕೇಳಿಯೇ ಬಿಟ್ಟಳು. ಭಾವ ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ, ಕಣ್ಣು ಮುಚ್ಚಿದ್ದರೂ ಕಿವಿ ತೆರೆದಿತ್ತು. "ನಾಲ್ಕನೇದು ಅಂದ್ರಂತಲ್ಲ, ಹಂಗಂದ್ರೆ ಏನಪ್ಪ ಬಾಬು?" ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ. ಅದನ್ನು ನೋಡುತ್ತಾ ಅವನ ಬಾಯಿಂದ ತಾನಾಗಿ ಮಾತು ಬಂತು. "ಹುಳಕ್ಕೆ ಜ್ವರ ಬರಲ್ವಾ ಅಕ್ಕ, ಒಂದನೇದು ಎರಡನೇದು ಅಂತ? ಹಂಗೇ ಇದೂ. ಈಗ ನಾಲ್ಕನೇದು." ಅವನ ಮನಸ್ಸಿನಲ್ಲಿದ್ದದ್ದು ಎಣಿಕೆ ಮಾತ್ರ. ಕಾಯಿಲೆಗೂ ಹೀಗೆ ಒಂದಾದ ಮೇಲೊಂದು ಹಂತವಿರುತ್ತದೆ, ಅಷ್ಟು. ಆದರೆ ರೇಷ್ಮೆ ಸಾಕುವ ಮನೆಯಲ್ಲಿ ಜ್ವರ ಅಂದರೆ ಎಣಿಕೆಯಲ್ಲ. ಹುಳ ತಿನ್ನುವುದು ಬಿಟ್ಟು, ತಲೆಯೆತ್ತಿಕೊಂಡು, ಮಂಕಾಗಿ ಕೂತು, ಹಳೆ ಚರ್ಮ ಕಳಚಿ ಏಳುವುದಕ್ಕೆ ಅವರು ಜ್ವರ ಅನ್ನುತ್ತಾರೆ. ಅಂಥವು ನಾಲ್ಕು. ನಾಲ್ಕನೆಯದರಿಂದ ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ಮುಕ್ಕುತ್ತದೆ, ಒಂದು ವಾರದಲ್ಲಿ ಬೆರಳಿನಷ್ಟು ದಪ್ಪವಾಗಿ ಹೊಳೆಯುತ್ತದೆ, ಹಣ್ಣಾಗಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟುತ್ತದೆ. ನಾಲ್ಕನೇ ಜ್ವರ ಎದ್ದಿತು ಅಂದರೆ ಅರ್ಧ ಬೆಳೆ ಮನೆ ಸೇರಿದ ಹಾಗೆ. ಅಮ್ಮಾಜಮ್ಮ ನಕ್ಕಳು. "ಅಯ್ಯೋ, ಇಷ್ಟೇನಾ. ಇದೊಂದು ದಾಟಿದ್ರೆ ಆಯ್ತಲ್ಲಪ್ಪ, ಆಮೇಲೆ ಬರೀ ತಿನ್ನೋದೇ."

ಆಗ ತಿದ್ದಬಹುದಿತ್ತು. ಅವಳು ತಿಂಗಳುಗಟ್ಟಲೆ ನಕ್ಕಿರಲಿಲ್ಲ, ಅದೊಂದು. ಕನ್ನಡಿಯಲ್ಲಿ ಡ್ರೈವರೂ ತಲೆದೂಗುತ್ತಿದ್ದ, ಅದು ಇನ್ನೊಂದು. ಯಾವುದು ತನ್ನ ಬಾಯಿ ಕಟ್ಟಿತು ಎಂದು ರಮೇಶ್‌ಬಾಬು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಪ್ರತಿ ಸಲವೂ ಅಕ್ಕನ ನಗು ಎಂದೇ ಉತ್ತರ ಬರೆದುಕೊಂಡ, ಪ್ರತಿ ಸಲವೂ ಡ್ರೈವರನ ತಲೆ ಕಣ್ಣಿಗೆ ಬಂತು. ಪ್ಯಾಲಿಯೇಟಿವ್ ಅಂದರೆ ಏನೆಂದು ಕೇಳಿದ್ದಕ್ಕೆ, ಡಾಕ್ಟರು ನರ್ಸು ಮನೆಗೇ ಬಂದು ನೋಡುವ ವ್ಯವಸ್ಥೆ, ಎಲ್ಲರಿಗೂ ಕೊಡುವುದಿಲ್ಲ ಎಂದುಬಿಟ್ಟ. ಅದು ಹೇಗೆ ಹೊಳೆಯಿತೋ ಅವನಿಗೇ ಗೊತ್ತಿರಲಿಲ್ಲ. ಮನೆ ಮುಟ್ಟಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಒಂದೊಂದೇ ಪದ ಒತ್ತಿ ನೋಡಿದ. ಪ್ಯಾಲಿಯೇಟಿವ್ ಅಂದರೆ ವಾಸಿಮಾಡುವ ಆಸೆ ಬಿಟ್ಟ ಮೇಲೆ, ಇರುವಷ್ಟು ದಿನ ನೋವಿಲ್ಲದಂತೆ ನೋಡಿಕೊಳ್ಳುವುದು. ಮನೆಗೂ ಬರುತ್ತಾರಂತೆ, ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಚೈಲ್ಡ್ ಪ್ಯೂ ಅಂದರೆ ಲಿವರಿನಲ್ಲಿ ಇನ್ನೆಷ್ಟು ತ್ರಾಣವಿದೆ ಎಂಬುದರ ಅಳತೆ, ಸಿ ಅಂದರೆ ಕೊನೆಯದು, ಅದರ ಕೆಳಗೆ ಅಕ್ಷರವಿಲ್ಲ. ಅವನು ಬಕೆಟ್ಟಿನ ಅಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತ. ಅಳುತ್ತಾ ಅಳುತ್ತಾ, ತನಗೇ ತಿಳಿಯದಂತೆ, ಬಲಗೈ ಬೆರಳುಗಳಿಂದ ತನ್ನ ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೋದ ವರ್ಷ ಅವನ ಸ್ಕ್ಯಾನಿನಲ್ಲೂ ಫ್ಯಾಟಿ ಲಿವರ್ ಎಂದು ಬಂದಿತ್ತು. ನರಸಿಂಹಪ್ಪ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ, ಅವನಿಗೆ ಯಾವಾಗಲೋ ಹೊಕ್ಕ ಹೆಪಟೈಟಿಸ್ ಬಿ ಒಳಗೊಳಗೇ ಲಿವರನ್ನು ಕೆಡಿಸಿತ್ತು. ಊರಿನವರು ಮಾತ್ರ, ಕದ್ದು ಕುಡಿಯುತ್ತಿದ್ದಿರಬೇಕು, ಇಲ್ಲದಿದ್ದರೆ ಲಿವರ್ ಹೋಗುತ್ತದಾ ಎಂದು ಪಿಸುಗುಟ್ಟಿದರು. ಚಿಕ್ಕಬಳ್ಳಾಪುರಕ್ಕೆ ಮೌಲ್ಯಮಾಪನಕ್ಕೆಂದು ಹೋದಾಗಲೆಲ್ಲ ಲಾಡ್ಜಿನಲ್ಲಿ ಕದ್ದು ಕುಡಿಯುತ್ತಿದ್ದವನು ರಮೇಶ್‌ಬಾಬು. ಆ ಪಿಸುಮಾತು ಕಿವಿಗೆ ಬಿದ್ದಾಗ ಅವನು ಒಮ್ಮೆಯೂ ಭಾವನ ಪರವಾಗಿ ಬಾಯಿ ಬಿಟ್ಟಿರಲಿಲ್ಲ.

ಸಾದಲಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ. 'ಅಕ್ಕ, ಆವತ್ತು ನಾನು ಹೇಳಿದ್ದರಲ್ಲಿ ಸ್ವಲ್ಪ ವ್ಯತ್ಯಾಸವಿದೆ' ಎಂದು ಶುರು ಮಾಡುವುದು. ವ್ಯತ್ಯಾಸ ಎಂಬ ಮಾತು ಹಿಡಿಸಲಿಲ್ಲ. 'ವೈದ್ಯಕೀಯ ವಿಜ್ಞಾನದಲ್ಲಿ...' ಎಂದು ಶುರು ಮಾಡಿದರೆ? ಅದೂ ಬೇಡ. ಮನೆಯ ಹತ್ತಿರ ಬರುವಷ್ಟರಲ್ಲಿ ಮತ್ತೆ ಮೊದಲ ವಾಕ್ಯಕ್ಕೇ ಬಂದು ನಿಂತಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಹುಳದ ಮನೆಯ ಕಡೆಯಿಂದ ಶಿರೀಷಾ ಕೈ ಮಾಡಿ ಕರೆದಳು.

ಭಾವನನ್ನು ಹುಳದ ಮನೆಗೆ ಸಾಗಿಸಿದ್ದರು. ಹುಳ ಇರುವ ದೊಡ್ಡ ಕೋಣೆಗೆ ಅಂಟಿಕೊಂಡಂತೆ ಸೊಪ್ಪು ಇಡುವ ಕೋಣೆ, ಸೊಪ್ಪು ಬಾಡದಿರಲೆಂದು ಯಾವಾಗಲೂ ತಂಪು. ಕಾಮಾಲೆಯಿಂದ ಮೈಯೆಲ್ಲ ತುರಿಸುತ್ತಿದ್ದ ನರಸಿಂಹಪ್ಪ ತಂಪಿಗೆಂದು ತಾನೇ ಅಲ್ಲಿಗೆ ಹೋಗುತ್ತೇನೆ ಅಂದನಂತೆ. ಅಮ್ಮಾಜಮ್ಮ ಕೂಡಲೇ ಒಪ್ಪಿದ್ದಕ್ಕೆ ಕಾರಣ ಬೇರೆ. ಹುಳದ ಮನೆಗೆ ಕಂಡಕಂಡವರನ್ನು ಬಿಡುವುದಿಲ್ಲ. ಹೊಸ್ತಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ. ಕಾಲು ತೊಳೆದವರೇ ಒಳಗೆ, ಅದೂ ಮನೆಯವರು. ಮೇಲಾಗಿ, ಹುಳ ಚಂದ್ರಿಕೆ ಹತ್ತುವವರೆಗೂ ಆ ಸೂರಿನಡಿ ಯಾರೂ ಕೆಟ್ಟ ಮಾತು ಆಡುವಂತಿಲ್ಲ ಎಂಬುದು ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಕಟ್ಟುಪಾಡು. ರೋಗ, ಸಾವು, ಕೊಳೆಯಿತು, ಹೋಯಿತು, ಯಾವುದೂ ಇಲ್ಲ. ಹುಳ ಕೇಳಿಸಿಕೊಳ್ಳುತ್ತದೆ. ಗಂಡನನ್ನು ತಂದು ಆ ಕಟ್ಟುಪಾಡಿನ ಒಳಗಿಟ್ಟರೆ ಅವನಿಗೂ ಯಾರೂ ಏನೂ ಅನ್ನುವಂತಿಲ್ಲ ಎಂದು ಅವಳ ಲೆಕ್ಕ. ಆದರೆ ನೋಡಲು ಬಂದವರು ಕಾಯಿಲೆಯ ಸುದ್ದಿ ಆಡದೆ ಇರುತ್ತಾರೆಯೇ? ಅದಕ್ಕೊಂದು ದಾರಿ ತಾನೇ ಹುಟ್ಟಿಕೊಂಡಿತ್ತು. ಇಂಗ್ಲಿಷಿನಲ್ಲಿ ಅಂದರೆ ದೋಷವಿಲ್ಲ, ಹುಳಕ್ಕೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಸುಣ್ಣದ ಗೆರೆಯಾಚೆ ನಿಂತ ನೆಂಟರಿಷ್ಟರೆಲ್ಲ ಕೆಲವೇ ದಿನಗಳಲ್ಲಿ ಅರ್ಧ ಡಾಕ್ಟರಾಗಿ ಹೋಗಿದ್ದರು. ರಮೇಶ್‌ಬಾಬು ಬಂದಾಗ ವೆಂಕಟರವಣಪ್ಪ ಗೆರೆಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತು, ರಕ್ತಪರೀಕ್ಷೆಯಲ್ಲಿ ಎಎಫ್‌ಪಿ ಎಷ್ಟಕ್ಕೆ ಬಂತು, ಬಿಲಿರುಬಿನ್ ಇಳಿಯಿತಾ ಎಂದು ಗೂಡಿನ ಧಾರಣೆ ವಿಚಾರಿಸುವ ದನಿಯಲ್ಲಿ ವಿಚಾರಿಸುತ್ತಿದ್ದ. ಇವನನ್ನು ನೋಡಿ ಎದ್ದ. ಮೇಷ್ಟ್ರು ಒಳ್ಳೆ ಕೆಲಸ ಮಾಡಿದರು, ಪ್ಯಾಲಿಯೇಟಿವ್ ಕೊಡಿಸುವುದು ಅಂದರೆ ಸುಮ್ಮನೆ ಮಾತಲ್ಲ, ತನ್ನ ಷಡ್ಡಕನಿಗೂ ಹೇಳಿ ಕೊಡಿಸಬೇಕು ಎಂದ. ರಮೇಶ್‌ಬಾಬು 'ನೋಡೋಣ' ಎಂದ.

ಒಳಗೆ ಹೋದವನಿಗೆ ಮೊದಲು ಕೇಳಿಸಿದ್ದು ಪಕ್ಕದ ಕೋಣೆಯ ಸದ್ದು. ನಡುವಿನ ಬಾಗಿಲು ತೆರೆದಿತ್ತು. ಹುಳಗಳು ಮೊನ್ನೆ ತಾನೇ ನಾಲ್ಕನೇ ಜ್ವರ ಎದ್ದಿದ್ದವು. ಕೊಂಬೆ ಸಮೇತ ಹಾಕಿದ ಸೊಪ್ಪನ್ನು ಸಾವಿರ ಸಾವಿರ ಬಾಯಿಗಳು ಒಟ್ಟಿಗೆ ಕೊರೆಯುತ್ತಿದ್ದವು. ಇತ್ತ ಮಂಚದ ಮೇಲೆ ಭಾವ. ತೋಳು ಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಬಿಗಿದಿತ್ತು. ಕಣ್ಣು ಹಳದಿ. ಅಕ್ಕ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದಳು. ತಟ್ಟೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಭಾವ ನುಂಗಿದ. ನುಂಗುವಾಗ ಕಾಲಿನ ಬೆರಳು ಮಡಚಿಕೊಂಡವು. ಇನ್ನೊಂದು ಇಟ್ಟಳು. 'ಬಾ ಬಾಬು, ಈಗ ಪರವಾಗಿಲ್ಲ, ತಿಂತಾ ಇದಾರೆ' ಎಂದು ತಮ್ಮನ ಕಡೆ ನೋಡಿದಳು. ಮುಖದಲ್ಲಿ ಬೆಳೆ ಚೆನ್ನಾಗಿ ಬಂದವರ ಆಯಾಸವಿತ್ತು. ಮಾತ್ರೆ ಕೊಟ್ಟರೆ ಮಂಕಾಗಿ ಮಲಗಿಬಿಡುತ್ತಾರೆ, ಮಲಗಿದರೆ ಇನ್ನೂ ಜ್ವರದಲ್ಲೇ ಇದ್ದ ಹಾಗೆ ಅಲ್ಲವಾ, ಅದಕ್ಕೇ ಎತ್ತಿಟ್ಟಿದ್ದೇನೆ ಎಂದು ತಾನೇ ವಿವರಿಸಿದಳು. ವಿವರಿಸುವ ರೀತಿಯಲ್ಲೂ ತಮ್ಮನನ್ನೇ ಹೋಲುತ್ತಿದ್ದಳು. ಭಾವ ಹಳದಿ ಕಣ್ಣು ಹೊರಳಿಸಿ, "ಏಮಿ ಅಯ್ಯವಾರು" ಎಂದ. ಮುಂದೆ ಕಿಚಾಯಿಸಲು ಏನೋ ಇತ್ತು, ಉಸಿರು ಸಾಲಲಿಲ್ಲ.

ರಮೇಶ್‌ಬಾಬು ಮಂಚದ ಕಾಲಬದಿಯಲ್ಲಿ ನಿಂತು ಕನ್ನಡಕ ಏರಿಸಿಕೊಂಡ. ಹೇಳಬೇಕು. ಆದರೆ ಇಲ್ಲಿ ಕನ್ನಡದಲ್ಲಿ ಹೇಳುವಂತಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ಹೇಳಿದ ಹಾಗಲ್ಲ. 'ಅಕ್ಕ, ಆವತ್ತು ಹೇಳಿದ್ದರಲ್ಲಿ ಸ್ವಲ್ಪ... ಈ ಪ್ರೋಗ್ನೋಸಿಸ್ ಅಂತ ಒಂದಿರುತ್ತೆ, ಅದು ಪೂರ್ ಇದೆ' ಎಂದ. ಅಮ್ಮಾಜಮ್ಮ ಕಿವಿಯಿಟ್ಟು ಕೇಳಿದಳು, ಗಂಡನ ಬಾಯಿ ಒರೆಸಿದಳು, ಅದಕ್ಕೂ ಮಾತ್ರೆ ಇದೆಯಾ ಎಂದಳು. ಬಾಗಿಲಲ್ಲಿ ನಿಂತಿದ್ದ ಶಿರೀಷಾ ಅತ್ತ ತಿರುಗಿದಳು. ಅವನು ಇನ್ನೊಂದು ಪದ ಹುಡುಕಿದ. ಲಿವರ್ ಕೈಚೆಲ್ಲಿದೆ ಎನ್ನುವುದಕ್ಕಿರುವ ಡಿಕಾಂಪೆನ್ಸೇಟೆಡ್ ಎಂಬುದು ನೆನಪಾಯಿತು. ಅದನ್ನೂ ಅಂದ. ಆ ಪದ ಬಾಯಿಂದ ತೊಡರಿಲ್ಲದೆ ಬಂದದ್ದಕ್ಕೆ ಎದೆಯ ಯಾವುದೋ ಮೂಲೆಯಲ್ಲಿ ಹೆಮ್ಮೆ ಮಿಸುಕಿತು, ಆ ಹೊತ್ತಿನಲ್ಲೂ ಮಿಸುಕಿತು, ಅದಕ್ಕೆ ನಾಚಿಕೆ ಎಂಬುದೇ ಇರಲಿಲ್ಲ. ಅಷ್ಟರಲ್ಲಿ ಭಾವ ಮುಂದಕ್ಕೆ ಬಾಗಿದ. ಅಮ್ಮಾಜಮ್ಮ ಪಕ್ಕದಲ್ಲಿದ್ದ ಬೋಗುಣಿ ಹಿಡಿದಳು. ತಿಂದದ್ದೆಲ್ಲ ಬಂತು, ತಿನ್ನದ್ದೂ ಬಂತು. ಅವಳು ಬೆನ್ನು ಸವರಿದಳು, ಬಾಯಿ ತೊಳೆಸಿದಳು, ಸೆರಗಿನಿಂದ ಒರೆಸಿದಳು, ಹೊಸದಾಗಿ ಮುದ್ದೆ ಮುರಿದಳು. ನರಸಿಂಹಪ್ಪ ಗೋಡೆಗೆ ತಲೆ ಆನಿಸಿ, ಕಣ್ಣಿನಿಂದ ನೀರು ಇಳಿಯುತ್ತಿದ್ದಂತೆಯೇ, ಯಾರೂ ಹೇಳದೆ ಬಾಯಿ ತೆರೆದ. ಇಡೀ ಹೋಬಳಿಯಲ್ಲಿ ಯಾರ ಮಾತಿಗೂ ಬಗ್ಗದ ಮನುಷ್ಯ, ಬಾಮೈದನ ಒಂದು ಮಾತು ನಂಬಿಕೊಂಡು ಬಾಯಿ ತೆರೆದು ಕೂತಿದ್ದ.

"ಅಕ್ಕ, ಸಾಕು, ನಿಲ್ಸು" ಎಂದ ರಮೇಶ್‌ಬಾಬು. ದನಿ ಅವನದಾಗಿರಲಿಲ್ಲ. "ಭಾವನಿಗೆ ಇದು ವಾಸಿ ಆಗಲ್ಲ. ಡಾಕ್ಟ್ರು ಆವತ್ತೇ ಹೇಳಿದ್ರು, ನನಗೆ ಅರ್ಥ ಆಗ್ಲಿಲ್ಲ. ಅರ್ಥ ಆದ್ಮೇಲೆ ನಾನು ಹೇಳ್ಲಿಲ್ಲ. ನಾಲ್ಕನೇದು ಅಂದ್ರೆ ಕೊನೇದು ಅಕ್ಕ. ಇನ್ನು ನೋವಾಗದ ಹಾಗೆ ನೋಡ್ಕೊಳ್ಳೋದು ಅಷ್ಟೇ ನಮ್ಮ ಕೈಯಲ್ಲಿರೋದು."

ಅಮ್ಮಾಜಮ್ಮ ತಟ್ಟೆಯನ್ನು ನೆಲಕ್ಕಿಟ್ಟು, ಎದ್ದು ಹೋಗಿ, ಹುಳದ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದು ಚಿಲಕ ಹಾಕಿದಳು. ಆಡಿದ ಮಾತು ಆ ಕಡೆ ಹೋಗಿಯಾಗಿತ್ತು, ಆದರೂ ಹಾಕಿದಳು. ಚಿಲಕದ ಮೇಲಿನ ಕೈಯನ್ನು ಅಲ್ಲೇ ಬಿಟ್ಟು, ಇತ್ತ ಬೆನ್ನು ಮಾಡಿ ನಿಂತಳು. ರಮೇಶ್‌ಬಾಬು ಬೈಗುಳಕ್ಕೆ ಕಾದ. ಬೈದರೆ ಒಳ್ಳೆಯದಿತ್ತು. ಬೈಸಿಕೊಂಡರೆ ಸ್ವಲ್ಪ ಹಗುರಾಗುತ್ತೇನೆ ಎಂಬ ಆಸೆಯೂ ಅವನಲ್ಲಿ ಆಗಲೇ ಎದ್ದು ಕೂತಿತ್ತು.

ಮೊದಲು ಮಾತಾಡಿದವನು ನರಸಿಂಹಪ್ಪ. ತೆರೆದ ಬಾಯಿಯನ್ನು ಮುಚ್ಚಿ, ನಾಲಗೆಯಿಂದ ತುಟಿ ಸವರಿಕೊಂಡು, ಬಾಮೈದನನ್ನೇ ನೋಡಿದ. ಆ ನೋಟ ರಮೇಶ್‌ಬಾಬುವಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಪೀರಿಯಡ್ಡಿನಲ್ಲಿ, ಬೆಲ್ಲು ಹೊಡೆಯಿತೋ ಇಲ್ಲವೋ ಎಂದು ಮಕ್ಕಳು ನೋಡುವ ನೋಟ ಅದು.

"ಹಂಗಾದ್ರೆ ಇನ್ನು ತಿನ್ಬೇಕಾಗಿಲ್ಲ ಅಲ್ವಾ?" ಎಂದ.

ರಮೇಶ್‌ಬಾಬು ತಲೆಯಾಡಿಸಿದ. ಈ ಸಲ ಅರ್ಥವಾಗಿಯೇ ಆಡಿಸಿದ. ಭಾವ ಅದನ್ನು ನಂಬಲಾರದೆ ಹೆಂಡತಿಯ ಬೆನ್ನಿನ ಕಡೆ ತಿರುಗಿ, "ಅಮ್ಮಾಜಿ, ಸಾಕಾ?" ಎಂದು ಅವಳನ್ನೂ ಕೇಳಿದ. ಅವಳು ತಿರುಗದೆಯೇ ಸಾಕು ಎಂದಳು. ಅಷ್ಟು ದಿನ ಹೊಟ್ಟೆಯ ಬಿಗಿತವನ್ನು ಎತ್ತಿ ಹಿಡಿದಿದ್ದ ಅವನ ಭುಜಗಳು ಕೆಳಗಿಳಿದವು. ಗೋಡೆಯಿಂದ ಜಾರಿ ದಿಂಬಿಗೆ ತಲೆ ಕೊಟ್ಟ. ಸಾಯುತ್ತೇನೆ ಎಂದು ತಿಳಿದ ಮನುಷ್ಯನ ಮುಖ ಹೀಗಿರುತ್ತದೆ ಎಂದು ರಮೇಶ್‌ಬಾಬು ಎಲ್ಲಿಯೂ ಓದಿರಲಿಲ್ಲ. ಶಿರೀಷಾ ಒಳಗೆ ಬಂದು ಎಲ್ಲಿಂದಲೋ ಮಾತ್ರೆ ತೆಗೆದಳು, ಅಪ್ಪನ ತಲೆಯೆತ್ತಿ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಅವನ ಕಾಲಿನ ಬೆರಳುಗಳು ಬಿಡಿಸಿಕೊಂಡವು, ಕಣ್ಣು ಮುಚ್ಚಿತು. ಮುಚ್ಚಿದ ಬಾಗಿಲಾಚೆ ಹುಳಗಳು ತಿನ್ನುತ್ತಲೇ ಇದ್ದವು. ಅವಕ್ಕೆ ಯಾವ ಮಾತೂ ತಾಕಿದಂತಿರಲಿಲ್ಲ.

ಅಮ್ಮಾಜಮ್ಮ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಗಂಡನ ಹೊಟ್ಟೆಯ ಮೇಲೆ, ಭಾರ ಬೀಳದಂತೆ, ಬೆರಳ ತುದಿ ಮಾತ್ರ ಇಟ್ಟಳು. "ಮೊದ್ಲೇ ಹೇಳ್ಬಾರ್ದಾಗಿತ್ತಾ ಬಾಬು. ಎಷ್ಟು ತಿನ್ನಿಸಿಬಿಟ್ಟೆ ನಾನು" ಎಂದಳು. ದನಿಯಲ್ಲಿ ಬೈಗುಳವಿರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ನೆಲದ ಮೇಲಿದ್ದ ತಟ್ಟೆಯನ್ನು ನೋಡಿದಳು. ಅರ್ಧಕ್ಕೂ ಹೆಚ್ಚು ಮುದ್ದೆ ಹಾಗೇ ಇತ್ತು. ತಟ್ಟೆಯನ್ನು ತಮ್ಮನ ಕಡೆಗೆ ತಳ್ಳಿದಳು. ಶಾಲೆಯಿಂದ ಹಾಗೇ ಬಂದಿದೀಯ, ಕೂತ್ಕೋ, ಊಟ ಮಾಡು ಎಂದಳು.

ಅವನು ಕೂತ. ಬೇಡವೆನ್ನುವ ಹಕ್ಕು ತನಗಿಲ್ಲ ಎಂದುಕೊಂಡು ಕೂತನಾದರೂ, ನಿಜ ಹೇಳಬೇಕೆಂದರೆ ಹಸಿವೂ ಆಗಿತ್ತು. ಮುದ್ದೆ ಆರಿ ಗಟ್ಟಿಯಾಗಿತ್ತು. ಸಾರಿಗೆ ಉಪ್ಪೇ ಇರಲಿಲ್ಲ. ಹೊಟ್ಟೆಯ ನೀರು ಇಳಿಯಬೇಕಾದರೆ ಉಪ್ಪು ಹಾಕಬಾರದು ಎಂದು ಕಟ್ಟುನಿಟ್ಟು ಮಾಡಿ ಹೋಗಿದ್ದವನು ಅವನೇ. ಉಪ್ಪು ಕೇಳಲು ನಾಚಿಕೆಯಾಗಿ ಹಾಗೆಯೇ ನುಂಗಿದ. ಅಕ್ಕ ಅವನ ಬಾಯನ್ನೇ ನೋಡುತ್ತಾ ಕೂತಿದ್ದಳು, ಇಷ್ಟು ದಿನ ಗಂಡನ ಬಾಯನ್ನು ನೋಡುತ್ತಿದ್ದಂತೆಯೇ ನೋಡುತ್ತಿದ್ದಳು. ತಟ್ಟೆ ಖಾಲಿಯಾಗುತ್ತಾ ಬಂದಾಗ ಪಕ್ಕದಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದು, ಭಾವನ ಇಳಿಹೊತ್ತಿನ ಪಾಲಿಗೆಂದು ಕಟ್ಟಿಟ್ಟಿದ್ದ ಇನ್ನೊಂದು ಮುದ್ದೆಯನ್ನು ಕೈಗೆ ತೆಗೆದುಕೊಂಡಳು.

"ಹಾಕ್ಲಾ?" ಎಂದಳು.

ರಮೇಶ್‌ಬಾಬು ತಟ್ಟೆ ಮುಂದೆ ಮಾಡಿದ.